ಮೆಟ್ಟಿಲು ಬಾವಿಯ ಪ್ರಬಂಧ

ಪ್ರಬಂಧದ ಪತ್ರಿಕೆಯಲ್ಲಿ ನಾನು ಎರಡು ಸಲ ನಪಾಸಾದೆ. ಲೆಕ್ಕದಲ್ಲಿ ಪಾಸು, ಭೂಗೋಳದಲ್ಲಿ ಪಾಸು, ಉರು ಹೊಡೆದು ಬರೆದ ಆರೋಗ್ಯಶಾಸ್ತ್ರದಲ್ಲೂ ಪಾಸು. ಕನ್ನಡದಲ್ಲಿ ನಾಲ್ಕು ಪುಟ ಪ್ರಬಂಧ ಬರೆಯುವುದರಲ್ಲಿ ಮಾತ್ರ ನಪಾಸು. ಇದು ನನ್ನ ತಲೆಗೆ ಹತ್ತಲೇ ಇಲ್ಲ. ನಾನು ಚೆನ್ನಾಗಿ ಬರೆಯುತ್ತೇನೆ ಅನ್ನುವುದು ನನ್ನೊಬ್ಬನ ನಂಬಿಕೆಯಾಗಿರಲಿಲ್ಲ. ಮದುವೆಯ ಕರೆಯೋಲೆ, ಅಮಲ್ದಾರರಿಗೆ ಅರ್ಜಿ, ಮಗಳನ್ನು ಕಳಿಸಿಕೊಡಿ ಎಂದು ಬೀಗರಿಗೆ ಕಾಗದ, ಏನೇ ಇದ್ದರೂ ಸುತ್ತಲಿನ ನಾಲ್ಕು ಹಳ್ಳಿಯವರು ನನ್ನ ಹತ್ತಿರವೇ ಬರುತ್ತಿದ್ದರು. ನಾನು ಬರೆದದ್ದನ್ನು ಓದಿ ಹೇಳಿದರೆ ಮುದುಕರು ತಲೆದೂಗುತ್ತಿದ್ದರು.

ಆಗ ನನಗೆ ಇಪ್ಪತ್ತಮೂರು ವರ್ಷ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗಿದ್ದ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲಿಗೆ ನಾನೊಬ್ಬನೇ ಮೇಷ್ಟ್ರು. ಮಹಾರಾಜರ ಆಳ್ವಿಕೆಯ ಕಾಲ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಉಪಾಧ್ಯಾಯರ ಪರೀಕ್ಷೆ ಪಾಸಾಗದೆ ನೌಕರಿ ಖಾಯಂ ಆಗುವಂತಿರಲಿಲ್ಲ. ಮೂರನೆಯ ಸಲವೂ ನಪಾಸಾದರೆ ಕೊರಟಗೆರೆಗೆ, ನಮ್ಮ ತಂದೆಯ ಮನೆಗೆ ವಾಪಸು ಹೋಗುವುದೊಂದೇ ದಾರಿ. ನಮ್ಮ ತಂದೆ ಮಠದಲ್ಲಿ ಪುರಾಣ ಹೇಳುತ್ತಿದ್ದವರು. ನನಗೆ ಬರೆಯಲು ಕಲಿಸಿದವರೂ ಅವರೇ. ಒಂದು ಮಾತು ಹೇಳುವ ಜಾಗದಲ್ಲಿ ಮೂರು ಮಾತು ಹೇಳಬೇಕು, ಮೂರೂ ಒಂದೇ ಅಕ್ಷರದಿಂದ ಶುರುವಾಗಬೇಕು, ಆಗಲೇ ಕೇಳುವವನ ಕಿವಿ ತೆರೆಯುವುದು ಎಂದು ಅವರು ಹೇಳುತ್ತಿದ್ದರು.

ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರು ನನ್ನ ಗೋಳು ಕೇಳಿ, ಮಧುಗಿರಿಯಲ್ಲಿದ್ದ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರ ವಿಳಾಸ ಕೊಟ್ಟರು. ಶಿರಾದ ಮುಸಲ್ಮಾನರ ಮನೆತನದವರು. ಮೂವತ್ತು ವರ್ಷ ರೇಖಾಗಣಿತ ಕಲಿಸಿ, ಈಗ ಬೆಟ್ಟದ ಕೆಳಗಿನ ಬೀದಿಯಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ಊರೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಿತ್ತು. ರೇಖಾಗಣಿತದವರ ಹತ್ತಿರ ಪ್ರಬಂಧ ಕಲಿಯುವುದು ಹೇಗೆ? ಕೇಳುವ ಧೈರ್ಯವಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಕೈಯಲ್ಲಿ ‘ಗ್ರಾಮಜೀವನ’ ಎಂಬ ಪ್ರಬಂಧವಿತ್ತು. ಪರೀಕ್ಷೆಯಲ್ಲಿ ಬರೆದದ್ದನ್ನು ನೆನಪಿನಿಂದ ಮತ್ತೆ ಬರೆದುಕೊಂಡು ಹೋಗಿದ್ದೆ. ಸಾಹೇಬರು ಜಗಲಿಯ ಮೇಲೆ ಕೂತು ಕನ್ನಡಕ ಒರೆಸಿಕೊಂಡು ಓದಿದರು. ಓದಿ ಮುಗಿಸಿ ಹಾಳೆ ತಿರುವಿ ಹಿಂಬದಿ ನೋಡಿದರು, ಅಲ್ಲಿ ಬೇರೇನಾದರೂ ಇರಬಹುದು ಅನ್ನುವ ಹಾಗೆ.

“ಇದು ಯಾರು ಹೇಳಿದ್ದು?” ಅಂದರು.

“ನಾನೇ ಬರೆದದ್ದು ಸಾರ್.”

“ಬರೆದದ್ದು ನೀನೇ ಮಿಯಾ, ಕಾಣಿಸ್ತದೆ. ಹೇಳಿದ್ದು ಯಾರು? ‘ಹಳ್ಳಿಗರು ಸದಾ ಸಂತುಷ್ಟರು, ಸರಳರು, ಸಜ್ಜನರು.’ ನಿಮ್ಮೂರಲ್ಲಿ ಸದಾ ಸಂತುಷ್ಟ ಯಾರಿದ್ದಾರೆ? ಒಬ್ಬನ್ನ ಹೇಳು.”

ನಾನು ಯೋಚಿಸಿದೆ. ಮನಸ್ಸಿನಲ್ಲೇ ಮನೆಮನೆಗೂ ಹೋಗಿ ಬೀದಿಯ ಕೊನೆ ಮುಟ್ಟಿದೆ.

“ಅಚ್ಛಾ. ನಿಮ್ಮೂರಲ್ಲಿ ನೀರು ಎಲ್ಲಿಂದ ತರ್ತಾರೆ?”

ಕೆಳಗಿನ ಬೀದಿಯ ಹತ್ತಿರ ಒಂದು ಮೆಟ್ಟಿಲು ಬಾವಿ ಇದೆ, ಪಟೇಲರ ತಾತ ಕಟ್ಟಿಸಿದ್ದು. ಮೇಲಿನ ಬೀದಿಯಲ್ಲಿ ಒಂದು ಸೇದುವ ಬಾವಿ ಇದೆ, ಅಂದೆ.

“ಎರಡರಲ್ಲಿ ಊರಿಗೆ ಯಾವುದು ಒಳ್ಳೇದು? ಅಷ್ಟೇ ಬರಕೊಂಡು ಬಾ.”

ಅದೊಂದು ಪ್ರಶ್ನೆಯೇ ಎಂದು ನನಗೆ ನಗು ಬಂತು. ಮೆಟ್ಟಿಲು ಬಾವಿ ನಮ್ಮೂರಿನ ಹೆಮ್ಮೆ. ಕಲ್ಲಿನಲ್ಲಿ ಕಡೆದ ಬಸವಣ್ಣ, ಎರಡೂ ಕಡೆ ದೀಪದ ಗೂಡುಗಳು, ನೀರಿನವರೆಗೂ ಇಳಿಯುವ ಮೆಟ್ಟಿಲುಗಳು. ಒಂದು ವಾರದಲ್ಲಿ ಎಂಟು ಪುಟ ಬರೆದೆ. ‘ಶಿಲೆಯಲ್ಲಿ ಅರಳಿದ ಶೀತಲ ಶೋಭೆ’ ಎಂದು ಶುರುಮಾಡಿ, ನೀರು ತರುವ ನಾರಿಯರನ್ನು ಅಪ್ಸರೆಯರಿಗೆ ಹೋಲಿಸಿದೆ. ಬಸ್ಸಿನ ಡ್ರೈವರನ ಕೈಗೆ ಕೊಟ್ಟು ಕಳಿಸಿದೆ.

ಅವನ ಕೈಯಲ್ಲೇ ವಾಪಸು ಬಂತು. ಎಂಟು ಪುಟಕ್ಕೂ ಅಡ್ಡಗೆರೆ. ಒಂದೇ ಒಂದು ವಾಕ್ಯ ಉಳಿದಿತ್ತು: ‘ಈ ಬಾವಿಗೆ ಮೂವತ್ತೆರಡು ಮೆಟ್ಟಿಲುಗಳಿವೆ.’ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇದು ನಿಜ ಇರಬಹುದು. ಅದರಿಂದ ಏನಾಯಿತು?’

ಅದರಿಂದ ಏನಾಯಿತು ಅಂದರೆ ಏನು? ಮೂವತ್ತೆರಡು ಮೆಟ್ಟಿಲಿದ್ದರೆ ಮೂವತ್ತೆರಡು ಮೆಟ್ಟಿಲು. ಮನೆಯ ಪಡಸಾಲೆಯಲ್ಲಿ ಕೂತು ಹಾಳೆಗಳನ್ನೇ ದಿಟ್ಟಿಸುತ್ತಿದ್ದೆ.

ನನ್ನ ಹೆಂಡತಿ ಅಲ್ಲೇ ಗೋಡೆಗೊರಗಿ ಕಾಲು ನೀಡಿಕೊಂಡಿದ್ದಳು. ಅವಳು ಪಾವಗಡದಾಚೆಯ ಹಳ್ಳಿಯವಳು, ತೆಲುಗು ಬೆರೆತ ಕನ್ನಡ ಅವಳದು. ‘ಸುಮ್ಮನೆ’ ಅನ್ನುವ ಕಡೆ ‘ಊರ್ಕೆ’ ಅನ್ನುತ್ತಿದ್ದಳು. ಹಿಂದಿನ ಯುಗಾದಿಯ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದಳು. ಈ ಯುಗಾದಿ ಕಳೆದ ಮೇಲೆ ಅವಳ ಎಡಗಾಲಿನ ಹರಡಿನ ಗಂಟಿನ ಹತ್ತಿರ ಬೊಕ್ಕೆ ಎದ್ದು, ಒಡೆದು, ನಾರುಹುಣ್ಣಾಗಿತ್ತು. ನೂಲಿನಂಥ ಬಿಳಿಯ ಹುಳು ಹುಣ್ಣಿನಿಂದ ಹೊರಬರುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರಪಟ್ಟು ಎಳೆದು ತುಂಡಾದರೆ ಕಾಲೆಲ್ಲ ಬಾತುಕೊಳ್ಳುತ್ತದೆ. ಮೂರು ವಾರದಿಂದ ಅವಳು ಹಾಗೇ ಕೂತಿದ್ದಳು. ನಾನು ದಿನವೂ ಉಮ್ಮತ್ತಿ ಎಲೆ ಬಿಸಿ ಮಾಡಿ ಕಟ್ಟುತ್ತಿದ್ದೆ.

“ಏನು ಬರದಿದೀರಿ, ನಂಗೂ ಒಸಿ ಓದಿ ಹೇಳಿ” ಅಂದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಓದಿದೆ. ಅಪ್ಸರೆಯರು ಬಂದಾಗ ನಕ್ಕಳು. ಆಮೇಲೆ ನಗು ನಿಂತಿತು.

“ಆ ಅಪ್ಸರೇರ ಕಾಲಾಗೆ ನಾರು ಹೊರಟಿಲ್ವಾ?”

“ಅದು ರೋಗದ ವಿಷಯ. ಇದು ಬಾವಿಯ ವಿಷಯ” ಅಂದೆ.

“ಓಹೋ” ಅಂದಳು. ಕಾಲಿಗೆ ಕಟ್ಟಿದ್ದ ಎಲೆ ಸರಿಮಾಡಿಕೊಳ್ಳುತ್ತ, “ನಮ್ಮೂರಾಗೆ ಯಾರಿಗೂ ನಾರಿಲ್ಲ. ಇಲ್ಲಿಗೆ ಬಂದ ಮ್ಯಾಕೆ ಬಂತು. ಊರ್ಕೆ ಹೇಳ್ದೆ” ಅಂದಳು.

ಅವಳು ಊರ್ಕೆ ಹೇಳಿದ ಆ ಮಾತಿನಿಂದ ನಾನು ಉರು ಹೊಡೆದದ್ದು ನೆನಪಾಯಿತು. ‘ನಾರುಹುಣ್ಣು ಕೆಟ್ಟ ನೀರನ್ನು ಕುಡಿಯುವುದರಿಂದ ಬರುತ್ತದೆ. ರೋಗಿಗಳು ಬಾವಿಗೆ ಇಳಿಯುವುದರಿಂದ ಹರಡುತ್ತದೆ.’ ಈ ಎರಡು ವಾಕ್ಯವನ್ನು ನಾನು ಆರೋಗ್ಯಶಾಸ್ತ್ರದ ಪತ್ರಿಕೆಯಲ್ಲಿ ಎರಡು ಸಲ ಬರೆದಿದ್ದೆ, ಅದಕ್ಕೆ ನಂಬರು ಪಡೆದಿದ್ದೆ. ಅದೇ ನಾನು ಮನೆಗೆ ಬಂದು ಹೆಂಡತಿಯ ಕಾಲಿಗೆ ಎಲೆ ಕಟ್ಟಿ, ಅವಳ ಕಣ್ಣೆದುರಿಗೇ ಬಾವಿಯ ಶೀತಲ ಶೋಭೆಯನ್ನು ಹೊಗಳಿದ್ದೆ. ಗೊತ್ತಿದ್ದದ್ದು ನನಗೆ ಯಾಕೆ ಗೊತ್ತಾಗಲಿಲ್ಲ? ಅವತ್ತು ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಗಲಿಬಿಲಿ. ನಾನು ಓದಿದ್ದೆಲ್ಲ ತಲೆಯೊಳಗೆ ಯಾವ ಮೂಲೆಯಲ್ಲಿ ಇರುತ್ತದೆ ಎಂದು ನನಗೇ ತಿಳಿಯದಾಯಿತು.

ಮರುದಿನ ಸಂಜೆ ಬಾವಿಯ ಹತ್ತಿರ ಹೋಗಿ ನಿಂತೆ. ನಮ್ಮ ಮನೆಗೂ ನೀರು ಬರುತ್ತಿದ್ದ, ದಿನವೂ ನೋಡುತ್ತಿದ್ದ ಜಾಗ. ಬೇಸಿಗೆಯಾದ್ದರಿಂದ ನೀರು ತಳ ಕಂಡಿತ್ತು, ಮೇಲೆ ಹಸಿರು ಪಾಚಿ. ಹೆಂಗಸರು ಮೊಣಕಾಲುದ್ದ ನೀರಿಗಿಳಿದು, ಬಿಂದಿಗೆಯ ತಳದಿಂದ ಪಾಚಿಯನ್ನು ಅತ್ತಿತ್ತ ಸರಿಸಿ ನೀರು ತುಂಬುತ್ತಿದ್ದರು. ಅವರಲ್ಲಿ ಒಬ್ಬಾಕೆಯ ಕಾಲಿಗೆ ಬಟ್ಟೆ ಕಟ್ಟಿತ್ತು. ಅವಳು ಕುಂಟುತ್ತ ಇಳಿದು, ಬಟ್ಟೆ ಬಿಚ್ಚಿ, ಹುಣ್ಣಿನ ಕಾಲನ್ನು ನೀರಿನಲ್ಲಿ ಅದ್ದಿ, “ಅಬ್ಬಾ, ಉರಿ ತಗ್ತು” ಅಂದಳು. ಪಕ್ಕದಲ್ಲೇ ಇನ್ನೊಬ್ಬಳು ಬಿಂದಿಗೆ ಅದ್ದಿದಳು.

ಸ್ಕೂಲಿನಲ್ಲಿ ಮಕ್ಕಳನ್ನು ವಿಚಾರಿಸಿದೆ. ಕೆಳಗಿನ ಬೀದಿಯಲ್ಲಿ ನಾರು ಕಾಣದ ಮನೆಯನ್ನು ಹುಡುಕಬೇಕಿತ್ತು. ಮೇಲಿನ ಬೀದಿಯಲ್ಲಿ ಒಂದೇ ಮನೆಯಲ್ಲಿತ್ತು. ಆ ಒಂದು ಮನೆ ನನ್ನನ್ನು ಎರಡು ದಿನ ಕಾಡಿತು. ಕೊನೆಗೆ ಆ ಮನೆಯ ಯಜಮಾನನನ್ನೇ ಕೇಳಿದೆ. ಅವನ ಹೊಲ ಮೆಟ್ಟಿಲು ಬಾವಿಯ ಪಕ್ಕದಲ್ಲಿತ್ತು. “ದಾಹ ಆದ್ರೆ ಅಲ್ಲೇ ಬಗ್ಗಿ ಕುಡೀತೀನಿ, ಇನ್ನೆಲ್ಲಿಗೆ ಹೋಗ್ಲಿ?” ಅಂದ. ಕುಣಿಯುವಷ್ಟು ಸಂತೋಷವಾಯಿತು. ಒಬ್ಬನ ಕಾಲಿನ ಹುಣ್ಣನ್ನು ನೋಡಿ ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಈ ಸಲ ಮೂರು ಪುಟ ಬರೆದೆ. ಕಂಡದ್ದು ಇಂಥದು, ಕೇಳಿದ್ದು ಇಂಥವರಿಂದ, ಪುಸ್ತಕದಲ್ಲಿರುವುದು ಇಷ್ಟು. ಆದ್ದರಿಂದ ಮೆಟ್ಟಿಲು ಬಾವಿಯನ್ನು ಮುಚ್ಚಬೇಕು. ನಾನೇ ಮಧುಗಿರಿಗೆ ತೆಗೆದುಕೊಂಡು ಹೋದೆ. ಸಾಹೇಬರು ಪೂರ್ತಿ ಓದಿದರು. ನಂತರ ಒಳಗೆ ಹೋಗಿ ನನಗೊಂದು ಲೋಟ ಚಹಾ ತಂದುಕೊಟ್ಟರು. ಹೊಗಳಿಕೆ ಅಷ್ಟೇ.

“ನಿನ್ನ ಹೆಂಡತಿ ಹೇಳಿದ ಮಾತು ಮೂರನೇ ಪುಟದಲ್ಲಿ ಯಾಕಿದೆ? ಅಲ್ಲಿಂದಲೇ ನಿನ್ನ ತಲೆ ಓಡಿದ್ದು. ಅದನ್ನ ಮೊದಲು ತಾ. ಒಂದು ಪ್ಯಾರಾಗೆ ಒಂದೇ ಮಾತು ಇಡು. ಮೇಲಿನ ಬೀದೀನೂ ಕೆಳಗಿನ ಬೀದೀನೂ ಒಂದೇ ಉಸಿರಲ್ಲಿ ಹೇಳಿದರೆ ಓದೋನು ಯಾವ ಬೀದೀಲಿ ನಿಂತ್ಕೋಬೇಕು?” ಅಂದರು. ನಾನು ತಲೆಯಾಡಿಸಿದೆ.

“ಇನ್ನೊಂದು. ಬಾವಿ ಮುಚ್ಚಬಾರದು ಅಂತ ಯಾರು ಹೇಳ್ತಾರೆ?”

“ಪಟೇಲರು ಹೇಳಬಹುದು ಸಾರ್.”

“ಹೇಳಬಹುದು ಅಂದ್ರೆ? ಕೇಳಿದೀಯಾ? ಹೋಗಿ ಕೇಳು. ಅವರು ಹೇಳಿದ್ದನ್ನ ಅವರಿಗಿಂತ ಚೆನ್ನಾಗಿ ಬರಿ. ಆಮೇಲೆ ಉತ್ತರ ಕೊಡು. ಎದುರಿಗಿರೋನ ಕೈ ಕಟ್ಟಿ ಕುಸ್ತಿ ಗೆದ್ದರೆ ಯಾರು ಭೇಷ್ ಅಂತಾರೆ?”

ಪಟೇಲರ ಹತ್ತಿರ ಹೋಗುವುದು ನನಗೆ ಸುಲಭವಾಗಿರಲಿಲ್ಲ. ಸ್ಕೂಲು ನಡೆಯುತ್ತಿದ್ದುದು ಅವರ ಹಳೆಯ ಚಾವಡಿಯಲ್ಲಿ. ಆದರೂ ಹೋದೆ. ಅವರು ಕಣದಲ್ಲಿ ಹುಣಸೆಹಣ್ಣು ಒಣಗಿಸುವವರ ಮೇಲೆ ನಿಗಾ ಇಟ್ಟು ಕೂತಿದ್ದರು.

“ಬನ್ನಿ ಮೇಷ್ಟ್ರೇ, ಕೂತ್ಕಳಿ. ಬಾವಿ ಮ್ಯಾಲೆ ಏನೋ ಬರೀತಾ ಇದೀರಂತೆ, ಮಕ್ಕಳು ಹೇಳಿದ್ವು.”

ಮುಚ್ಚಬೇಕು ಎಂದು ಬರೆದಿದ್ದೇನೆ ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹುಣಸೆಯ ನಾರು ಬಿಡಿಸುತ್ತ ಹೇಳಿದರು:

“ಸೇದೋ ಬಾವಿಗೆ ಹಗ್ಗ ಬೇಕು, ಬಿಂದಿಗೆ ಬೇಕು. ಕುರಿ ಕಾಯೋಳ ಹತ್ರ ಹಗ್ಗ ಇರ್ತದಾ? ಪಾವಗಡದ ಕಡೆಯಿಂದ ನಡ್ಕಂಡು ಬರೋನ ಹತ್ರ ಇರ್ತದಾ? ಮೆಟ್ಲಾದ್ರೆ ಇಳೀತಾರೆ, ಬೊಗಸೇಲಿ ಕುಡೀತಾರೆ, ಹೋಯ್ತಾರೆ. ಅವರಿಗೋಸ್ಕರವೇ ನಮ್ಮ ತಾತ ಮೆಟ್ಲು ಕಟ್ಸಿದ್ದು ಕಣ್ರೀ. ಇನ್ನೊಂದು ಮಾತು. ಕೆಳಗಿನ ಬೀದಿಯೋರನ್ನ ಮೇಲಿನ ಬೀದಿಯೋರು ಅವರ ಬಾವಿ ತಾವ ಬುಡ್ತಾರಾ? ನಿಮ್ಮನ್ನ ಬುಡ್ತಾರೆ, ಮೇಷ್ಟ್ರು ಅಂತ. ಮಿಕ್ಕೋರನ್ನ? ಇದನ್ನ ಮುಚ್ಚಬುಟ್ರೆ ಅವರು ಏನು ಕುಡೀಬೇಕು, ನಿಮ್ಮ ಪ್ರಬಂಧಾನಾ?”

ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ದಾರಿಯುದ್ದಕ್ಕೂ ಅವರ ಮಾತಿಗೆ ಉತ್ತರ ಹುಡುಕಿದೆ. ನಾನು ಬರೆದಿದ್ದೂ ಸರಿ, ಅವರು ಹೇಳಿದ್ದೂ ಸರಿ. ಎರಡೂ ಸರಿಯಾಗುವುದು ಹೇಗೆ? ನಮ್ಮ ತಂದೆ ಹೇಳುತ್ತಿದ್ದ ಪುರಾಣದಲ್ಲಿ ಒಬ್ಬ ದೇವರಾದರೆ ಇನ್ನೊಬ್ಬ ರಕ್ಕಸ. ಇಲ್ಲಿ ಯಾರು ಯಾರೆಂದೇ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಹೆಂಡತಿ, “ಮುಚ್ಚೋದ್ಯಾಕೆ? ಮೆಟ್ಲಿಗೆ ಮಾತ್ರ ಅಡ್ಡ ಗ್ವಾಡೆ ಕಟ್ಟಿಬಿಟ್ಟು ಮ್ಯಾಲೆ ರಾಟೆ ಹಾಕಿದ್ರಾಯ್ತು. ಒಂದು ಹಗ್ಗ, ಒಂದು ಬಕೀಟು ಅಲ್ಲೇ ಇಡೋದು” ಅಂದಳು. ಅವಳ ತೌರಿನಲ್ಲಿ ಹಾಗೇ ಇತ್ತಂತೆ. ನಾನು ಅದನ್ನೇ ಬರೆದೆ. ಅವಳ ತೌರಿನ ಮಾತೆಂದು ಬರೆದೇ ಬರೆದೆ. ಅಷ್ಟು ಹೊತ್ತಿಗೆ ಯಾರ ಮಾತು ಯಾರದೆಂದು ಹೇಳುವುದು ನನಗೆ ರೂಢಿಯಾಗಿತ್ತು.

ಆ ದಿನಗಳಲ್ಲೇ ನಮ್ಮ ಮನೆಗೆ ಮೇಲಿನ ಬೀದಿಯ ಬಾವಿಯಿಂದ ನೀರು ತರಲು ಶುರುಮಾಡಿದೆವು. ಹೆಂಡತಿಗೆ ನಡೆಯಲಾಗದ್ದರಿಂದ ಸ್ಕೂಲಿಗೆ ಹೋಗುವ ಮುಂಚೆ ನಾನೇ ಸೇದಿ ತರುತ್ತಿದ್ದೆ. ಮೇಷ್ಟ್ರು ಬಿಂದಿಗೆ ಹೊತ್ತದ್ದನ್ನು ನೋಡಲು ಮೊದಲ ನಾಲ್ಕು ದಿನ ಮಕ್ಕಳೆಲ್ಲ ಬೇಗ ಬಂದರು. ಎಡಗಾಲಿನ ಹುಳು ಪೂರ್ತಿ ಹೊರಬಂತು, ಹುಣ್ಣು ಮಾಗಿತು. ಅವಳು ಎದ್ದು ಓಡಾಡಿದಳು. ನನ್ನ ಪ್ರಬಂಧಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ ಅಂದುಕೊಂಡೆ. ‘ನೀರು ಬದಲಿಸಿದ ಕೂಡಲೇ ರೋಗ ನಿಂತಿತು’ ಎಂದು ಕೊನೆಯ ಪ್ಯಾರಾಕ್ಕೆ ಒಂದು ಸಾಲು ಸೇರಿಸಿದೆ.

ಎರಡು ತಿಂಗಳ ಮೇಲೆ ಅವಳ ಬಲಗಾಲಿನಲ್ಲಿ ಬೊಕ್ಕೆ ಎದ್ದಿತು.

ಒಡೆದಾಗ ಒಳಗೆ ಅದೇ ಬಿಳಿಯ ನೂಲು. ಅವಳು ಅಳಲಿಲ್ಲ. ಕಡ್ಡಿ ತನ್ನಿ ಅಂದಳು. ಅಳು ಬಂದದ್ದು ನನಗೆ. ನನ್ನ ಸಾಕ್ಷಿ ಸುಳ್ಳಾಯಿತಲ್ಲ ಎಂಬ ಅಳುವೋ ಅವಳ ನೋವಿಗೆ ಬಂದ ಅಳುವೋ, ಈಗಲೂ ಖಂಡಿತವಾಗಿ ಹೇಳಲಾರೆ. ಸುದ್ದಿ ಊರಲ್ಲಿ ಹರಡಿತು. ಚಾವಡಿಯ ಹತ್ತಿರ ಪಟೇಲರು ಸಿಕ್ಕಾಗ, “ಮೇಷ್ಟ್ರೇ, ನಿಮ್ಮ ಮನೆಯೋರು ಈಗ ಮೇಲಿನ ಬೀದಿ ನೀರು ತಾನೇ ಕುಡಿಯೋದು? ಮತ್ತೆ ಹೆಂಗೆ ಬಂತು?” ಅಂದರು. ಚುಚ್ಚುಮಾತಲ್ಲ, ಅವರಿಗೂ ನಿಜವಾಗಿ ತಿಳಿಯಬೇಕಿತ್ತು.

“ಗೊತ್ತಿಲ್ಲ” ಅಂದೆ.

ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಸಾಹೇಬರ ಹತ್ತಿರ ಹೋಗಿ, ಪ್ರಬಂಧ ಹರಿದುಹಾಕುತ್ತೇನೆ, ಕೊರಟಗೆರೆಗೆ ಹೋಗುತ್ತೇನೆ ಅಂದೆ. ಅವರು ಕೊನೆಯ ಪ್ಯಾರಾ ತೆಗೆದು ನೋಡಿದರು.

“‘ಕೂಡಲೇ ರೋಗ ನಿಂತಿತು.’ ಒಂದು ಕಾಲು ವಾಸಿಯಾಗಿದ್ದಕ್ಕೆ ಇಷ್ಟು ದೊಡ್ಡ ಮಾತಾ? ನೀನು ತೋರಿಸಿದ್ದು ಒಂದು ಗೇಣು, ಹೇಳಿದ್ದು ಒಂದು ಮಾರು. ತಪ್ಪು ಬಾವೀದಲ್ಲ ಬೇಟಾ, ಈ ಸಾಲಿಂದು.”

“ಆದರೆ ಎರಡನೇ ಸಲ ಯಾಕೆ ಬಂತು ಸಾರ್?”

“ನನಗೇನು ಗೊತ್ತು, ನಾನು ತ್ರಿಕೋಣದೋನು. ಗೊತ್ತಿದ್ದೋರನ್ನ ಕೇಳು” ಎಂದು ಎದ್ದು ಚಪ್ಪಲಿ ಮೆಟ್ಟಿದರು. ಮಧುಗಿರಿಯ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು. ಅಲ್ಲಿನ ಕಾಂಪೌಂಡರು ಸಾಹೇಬರ ಹಳೆಯ ಶಿಷ್ಯ. ಶೀಷೆಗೆ ಔಷಧ ತುಂಬುತ್ತಲೇ ನಮ್ಮ ಮಾತು ಕೇಳಿ, ಅದರಲ್ಲೇನು ಆಶ್ಚರ್ಯ ಅನ್ನುವ ಹಾಗೆ ಹೇಳಿದರು: “ಇವತ್ತು ನೀರು ಕುಡಿದರೆ ಹುಳು ಹೊರಗೆ ಬರೋದು ಹೆಚ್ಚು ಕಮ್ಮಿ ಒಂದು ವರ್ಷಕ್ಕೆ. ಈಗ ಬಂದಿರೋದು ಹೋದ ವರ್ಷ ಕುಡಿದದ್ದು.”

ನನ್ನ ಎದೆ ಹಗುರಾಯಿತು. ಹೆಂಡತಿ ಮನೆಗೆ ಬಂದ ಒಂದು ವರ್ಷಕ್ಕೆ ಮೊದಲ ಹುಣ್ಣು. ಎಲ್ಲ ಕೂಡಿ ಬಂತು. ಆದರೆ ಕಾಂಪೌಂಡರು ಅಷ್ಟಕ್ಕೇ ನಿಲ್ಲಿಸಲಿಲ್ಲ.

“ಬಟ್ಟೆ ಎರಡು ಮಡಿಕೆ ಮಾಡಿ ನೀರು ಸೋಸಿ ಕುಡೀರಿ. ಅಷ್ಟು ಮಾಡಿದರೆ ಸಾಕು.”

“ಸೋಸಿದರೆ ಸಾಕಾ? ಹಾಗಾದರೆ ಬಾವಿ ಮೆಟ್ಟಿಲು ಮುಚ್ಚಬೇಕಾದ್ದೇ ಇಲ್ವಾ?”

“ಸರಿಯಾಗಿ ಸೋಸಿದರೆ ಬೇಕಿಲ್ಲ.”

ಹಗುರಾದ ಎದೆ ಮತ್ತೆ ಭಾರವಾಯಿತು. ನಾಲ್ಕು ತಿಂಗಳು ಬಾವಿಯ ಮೆಟ್ಟಿಲು ಹತ್ತಿ ಇಳಿದು, ಪಟೇಲರನ್ನು ಎದುರು ಹಾಕಿಕೊಂಡು ಬರೆದ ಪ್ರಬಂಧಕ್ಕೆ ಒಂದು ಹಳೆಯ ಪಂಚೆಯ ತುಂಡು ಉತ್ತರವಾಗಿಬಿಟ್ಟಿತು. ರಸ್ತೆಯಲ್ಲಿ ಸಾಹೇಬರು ನಗುತ್ತಿದ್ದರು. “ನಗಬೇಡಿ ಸಾರ್” ಅಂದೆ. ಅವರ ಮುಂದೆ ಹಾಗೆ ಮಾತಾಡಿದ್ದು ಅದೊಂದೇ ಸಲ.

“ನಿನ್ನ ನೋಡಿ ಅಲ್ಲ. ನಾನು ಮೂವತ್ತು ವರ್ಷ ಪಾಠ ಹೇಳಿದೆ. ಕೊನೆಗೆ ಬರೋ ಉತ್ತರ ನನಗೆ ಮೊದಲೇ ಗೊತ್ತಿರ್ತಿತ್ತು. ಇದು ಹೇಗೆ ಮುಗೀತದೆ ಅಂತ ನನಗೂ ಗೊತ್ತಿಲ್ಲ. ಅದಕ್ಕೆ ನಗು ಬಂತು. ಗೊತ್ತಿರೋದು ಎಲ್ಲಿಗೆ ನಿಂತಿತು, ಗೊತ್ತಿಲ್ಲದ್ದು ಎಲ್ಲಿಂದ ಶುರುವಾಯಿತು, ಅಲ್ಲೊಂದು ಗೆರೆ ಎಳೆದು ಬರಿ. ಅಷ್ಟೇ.”

ಊರಿಗೆ ಬಂದು ಮತ್ತೆ ಬರೆದೆ. ಮೆಟ್ಟಿಲು ಮುಚ್ಚಬೇಕೆಂದೇ ಬರೆದೆ, ಆದರೆ ಧ್ವನಿ ಬೇರೆಯಾಗಿತ್ತು. ಸೋಸಿ ಕುಡಿದರೆ ಸಾಕು. ಆದರೆ ಹೊಲದಲ್ಲಿ ದಾಹವಾದವನು ಪಂಚೆ ಮಡಿಸಿ ಸೋಸುತ್ತಾನೆಯೇ ಎಂಬುದು ನನಗೆ ಗೊತ್ತಿಲ್ಲ. ರಾಟೆ ಹಾಕಬಹುದು, ಆದರೆ ಹಗ್ಗ ಸವೆದಾಗ ಹೊಸದು ಯಾರು ತರುತ್ತಾರೆ ಎಂಬುದು ಗೊತ್ತಿಲ್ಲ. ಮೇಲಿನ ಬೀದಿಯವರು ಮನಸ್ಸು ಬದಲಿಸುತ್ತಾರೆಯೇ ಎಂಬುದಂತೂ ಗೊತ್ತೇ ಇಲ್ಲ. ಮೂರು ಸಲ ಗೊತ್ತಿಲ್ಲ ಎಂದು ಬರೆದ ಪ್ರಬಂಧವನ್ನು ಪಟೇಲರಿಗೆ ಓದಿ ಹೇಳಿದೆ. ಅವರ ಮಾತನ್ನು ಬರೆದಿದ್ದ ಜಾಗದಲ್ಲಿ ಅವರು ಕೈ ಎತ್ತಿ, “ನಿಲ್ಲಿ, ಇನ್ನೊಂದ್ಸಲ ಓದಿ” ಅಂದರು. ಓದಿದೆ. “ನಾನು ಇಷ್ಟು ಚೆಂದಾಗಿ ಹೇಳಿದ್ನಾ?” ಅಂದರು. ಮುಗಿದ ಮೇಲೆ ಹಾಳೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ವಾಪಸು ಕೊಡಲಿಲ್ಲ.

ಬಾವಿಯ ಕತೆಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಒಂದೂವರೆ ವರ್ಷದ ಮೇಲೆ ತಾಲ್ಲೂಕಿನಿಂದ ಜನ ಬಂದು ಮೆಟ್ಟಿಲಿಗೆ ಅಡ್ಡವಾಗಿ ಗೋಡೆ ಎಬ್ಬಿಸಿ, ಮೇಲೆ ರಾಟೆ ಹಾಕಿದರು. ಪಟೇಲರು ಅರ್ಜಿ ಕೊಟ್ಟಿದ್ದರೋ, ಸರ್ಕಾರದ ಹುಕುಮೇ ಹಾಗಿತ್ತೋ ತಿಳಿಯಲಿಲ್ಲ. ಕೇಳಿದರೆ ಪಟೇಲರು, “ನಂಗೇನು ಗೊತ್ತು ಬುಡಿ” ಅಂದರು. ಒಂದು ಮಧ್ಯಾಹ್ನ ಸ್ಕೂಲಿನಿಂದ ಮನೆಗೆ ಹೋಗುವಾಗ ಕುರಿ ಮೇಯಿಸುವ ಮುದುಕಿಯೊಬ್ಬಳು ಆ ಗೋಡೆಯ ಪಕ್ಕ ಕೂತಿದ್ದಳು. ಹಗ್ಗ ಯಾರೋ ಬಿಚ್ಚಿಕೊಂಡು ಹೋಗಿದ್ದರು. “ಯಾರ್ನಪ್ಪಾ ಬೈಯೋದು?” ಅಂದಳು. ಮನೆಯಿಂದ ಹಗ್ಗ ತಂದು ಸೇದಿ ಅವಳ ಬೊಗಸೆಗೆ ಹುಯ್ದೆ. ಅದರ ಮುಂದಿನ ವರ್ಷದ ಬೇಸಿಗೆಯಲ್ಲಿ ಕೆಳಗಿನ ಬೀದಿಯಲ್ಲಿ ನಾರು ಕಡಿಮೆಯಾಯಿತು ಎಂಬುದೂ ನಿಜ.

ಪರೀಕ್ಷೆಗೆ ಬರುತ್ತೇನೆ. ತುಮಕೂರಿನಲ್ಲಿ ಪ್ರಬಂಧದ ಪತ್ರಿಕೆ ಕೈಗೆ ಬಂದಾಗ ಬಾವಿಯೂ ಇರಲಿಲ್ಲ, ಹಳ್ಳಿಯೂ ಇರಲಿಲ್ಲ. ‘ಪ್ರವಾಸದಿಂದ ಆಗುವ ಪ್ರಯೋಜನಗಳು’ ಎಂದಿತ್ತು. ನಾನು ತುಮಕೂರಿನಿಂದಾಚೆಗೆ ಹೋದವನಲ್ಲ. ಸುತ್ತ ಕೂತವರೆಲ್ಲ ಆಗಲೇ ಬರೆಯತೊಡಗಿದ್ದರು. ‘ದೇಶ ಸುತ್ತಿ ನೋಡು’ ಎಂಬ ಗಾದೆಯಿಂದ ಶುರುಮಾಡಿದರೆ ಕೈ ತಾನಾಗಿ ಓಡುತ್ತದೆ ಎಂದು ಗೊತ್ತಿತ್ತು. ಗಾದೆ ಬರೆದೆ. ಇದು ಯಾರ ಮಾತು, ನಾನು ಸುತ್ತಿದ್ದೇನೆಯೇ ಅನ್ನಿಸಿ ಹೊಡೆದುಹಾಕಿದೆ. ನಾನು ಕಂಡ ಊರುಗಳನ್ನು ಬೆರಳಲ್ಲಿ ಎಣಿಸಿದೆ.

ನನಗೆ ಗೊತ್ತಿದ್ದ ಪ್ರವಾಸ ಒಂದೇ: ನನ್ನ ಹೆಂಡತಿ ಪಾವಗಡದಾಚೆಯಿಂದ ನಮ್ಮೂರಿಗೆ ಬಂದದ್ದು. ಅದನ್ನೇ ಬರೆದೆ. ಹೊಸ ಊರಿಗೆ ಬಂದವರಿಗೆ ಅಲ್ಲಿನ ನೀರಿನಿಂದ ರೋಗ ಬರಬಹುದು. ಭಾಷೆ ಬೇರೆಯಾಗಿ ನಾಲ್ಕು ಜನ ನಗಬಹುದು. ಆದರೆ ಊರಿನವರಿಗೆ ಕಾಣದ್ದು ಬಂದವರಿಗೆ ಕಾಣುತ್ತದೆ. ಪ್ರಯೋಜನವೆಂದು ಇರುವುದಾದರೆ ಅದು ಬಂದವರಿಗಿಂತ ಊರಿನವರಿಗೆ ಹೆಚ್ಚು ಎಂದು ಮುಗಿಸಿದೆ. ಎರಡೂವರೆ ಪುಟವಾಯಿತು. ಮಿಕ್ಕವರು ಹೆಚ್ಚುವರಿ ಹಾಳೆ ಕೇಳುತ್ತಿದ್ದರು. ಮೂರನೆಯ ಸಲವೂ ಹೋಯಿತು ಎಂದುಕೊಂಡೇ ಹೊರಗೆ ಬಂದೆ.

ಪಾಸಾಗಿದ್ದೆ. ಕಾಗದ ಬಂದ ದಿನ ಹೆಂಡತಿಗೆ ಓದಿ ಹೇಳಿದೆ. “ನನ್ನ ಬಗ್ಗೆ ಬರದು ಪಾಸಾದ್ರಾ?” ಎಂದು ಅವಳು ನಂಬಲೇ ಇಲ್ಲ. ಅಷ್ಟರಲ್ಲಿ ಸಾಹೇಬರು ಮಧುಗಿರಿಯ ಮನೆ ಬಿಟ್ಟು ಶಿರಾಕ್ಕೆ, ಮಗಳ ಮನೆಗೆ ಹೋಗಿದ್ದರು. ಹೇಳದೆ ಇರಲಾರದೆ ಬಸ್ಸು ಬದಲಿಸಿ ಅಲ್ಲಿಗೇ ಹೋದೆ. ಸೀತಾಫಲದ ಗಿಡದ ಕೆಳಗೆ ಮಂಚ ಹಾಕಿಕೊಂಡು ಮಲಗಿದ್ದರು, ಕೆಮ್ಮು ಹೆಚ್ಚಾಗಿತ್ತು. ಸುದ್ದಿ ಕೇಳಿ ಎದ್ದು ಕೂತರು.

“ಪ್ರಶ್ನೆ ಏನಿತ್ತು? ಏನು ಬರೆದೆ? ಪೂರ್ತಿ ಹೇಳು.”

ಹೇಳಿದೆ. ಅವರು ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದರು.

“ನಾನಾಗಿದ್ದರೆ ನಪಾಸು ಮಾಡ್ತಿದ್ದೆ” ಅಂದರು.

“ಹಾಗಂದರೆ ಸಾರ್?” ಅಂದೆ.

“ಅವರು ಕೇಳಿದ್ದು ಪ್ರವಾಸದ ಪ್ರಯೋಜನ. ನೀನು ಬರೆದದ್ದು ಸೊಸೆ ಮನೆಗೆ ಬರೋ ವಿಷಯ. ಒಳ್ಳೇದೇ ಬರೆದಿದೀಯ, ಆದರೆ ಕೇಳಿದ್ದಕ್ಕೆ ಉತ್ತರ ಎಲ್ಲಿ? ಪ್ರಶ್ನೆ ಓದು ಅನ್ನೋದು ಮೊದಲನೇ ಪಾಠ ಮಿಯಾ. ಅದನ್ನೇ ನಿನಗೆ ಹೇಳಿಕೊಡೋದು ಮರೆತುಬಿಟ್ಟೆ ನೋಡು.”

“ಮತ್ತೆ ಅವರು ಪಾಸು ಮಾಡಿದ್ದು ಯಾಕೆ ಸಾರ್?”

“ಅದು ನನಗೆ ಗೊತ್ತಿಲ್ಲ” ಎಂದು, ಕೆಮ್ಮು ಬಂದು, ಮತ್ತೆ ಮಲಗಿದರು. ಅವರ ಮಗಳು ಒಂದು ಬಟ್ಟಲಲ್ಲಿ ಶಾವಿಗೆ ಪಾಯಸ ತಂದಿಟ್ಟು, “ತಿನ್ನಿ, ಪಾಸಾದವರಿಗೆ ಅಂತ ಅಬ್ಬಾಜಾನ್ ರಿಸಲ್ಟ್ ಬಂದ ದಿನದಿಂದ ದಿನಾ ಮಾಡಿಸಿಡ್ತಿದ್ರು, ನೀವು ಬಂದೇ ಬರ್ತೀರಿ ಅಂತ” ಅಂದಳು. ನಾನು ಪಾಸಾಗುತ್ತೇನೆಂದು ಅವರಿಗೆ ಹೇಗೆ ಗೊತ್ತಿತ್ತು ಎಂದು ಕೇಳಿದೆ. ಅವಳು ತಂದೆಯ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಪಾಯಸ ತಿಂದು, ಹೊತ್ತಾಗುವ ಮುಂಚೆ ಬಸ್ಸು ಹಿಡಿಯಬೇಕೆಂದು ಎದ್ದೆ.